ಮನೆಯಲ್ಲಿ ಎಸೆನ್ಶಿಯಲ್ ಆಯಿಲ್: ಎಲ್ಲಿ ಹಾಕಬಹುದು, ಎಲ್ಲಿ ಬೇಡ?

ರಾಜಾಜಿನಗರದ_ಸೊಸೆ

ಎಲ್ಲರಿಗೂ ನಮಸ್ಕಾರ. ಊಟಿಗೆ ಹೋಗಿದ್ದ ನಮ್ಮ ನಾದಿನಿ ಒಂದಿಷ್ಟು ಎಸೆನ್ಶಿಯಲ್ ಆಯಿಲ್ (ಗಿಡಗಳಿಂದ ತೆಗೆದ ಗಾಢ ಪರಿಮಳದ ಎಣ್ಣೆ) ಬಾಟಲಿ ತಂದುಕೊಟ್ಟಿದ್ದಾರೆ. ನೀಲಗಿರಿ, ವಿಂಟರ್‌ಗ್ರೀನ್, ಲೆಮನ್‌ಗ್ರಾಸ್, ಸಿಟ್ರೊನೆಲ್ಲಾ, ಲವಂಗ. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ, ಪರಿಮಳವನ್ನು ಗಾಳಿಗೆ ಹಾರಿಸುವ ಡಿಫ್ಯೂಸರ್ ಮಷಿನ್ ಕೂಡ ಇದೆ, ಇನ್ನೂ ಬಿಚ್ಚಿಲ್ಲ. ಫಿನಾಯಿಲ್ ವಾಸನೆ ನನಗೆ ಆಗುವುದಿಲ್ಲ. ಅದಕ್ಕೆ ನೆಲ ಒರೆಸಲು ಇವನ್ನೇ ಬಳಸೋಣ ಅಂತ ಆಸೆ. ಸೊಳ್ಳೆಗೆ, ಬೀರುವಿನ ಬಟ್ಟೆಗೆ, ನೆಗಡಿಗೆ ಎಲ್ಲದಕ್ಕೂ ಆಗುತ್ತದೆ ಎಂದು ಅಂಗಡಿಯವರು ಹೇಳಿದರಂತೆ.

ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ಅತ್ತೆಗೆ ಉಬ್ಬಸ. ಒಂದು ಬೆಕ್ಕೂ ಇದೆ. ಒಬ್ಬರು ಅಮೃತ ಅಂತಾರೆ, ಇನ್ನೊಬ್ಬರು ವಿಷ ಅಂತಾರೆ. ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಮಜ್ಜಿಗೆಹುಲ್ಲು_ಬೆಳೆಗಾರ

ಅಕ್ಕ, ನಾನು ಚಾಮರಾಜನಗರ ಕಡೆಯವನು. ಲೆಮನ್‌ಗ್ರಾಸ್ ಬೆಳೆದು ಎಣ್ಣೆ ತೆಗೆಸುತ್ತೇವೆ. ಔಷಧಿ, ಸುಗಂಧ ಗಿಡಗಳ ಸಂಶೋಧನೆ ಮಾಡುವ ಲಖನೌದ ಸಿಮ್ಯಾಪ್ ಸಂಸ್ಥೆಯ ಕೃಷ್ಣಾ ತಳಿ ನಮ್ಮ ಹೊಲದಲ್ಲಿದೆ. ಅವರ ಸಂಶೋಧನಾ ಕೇಂದ್ರ ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಹತ್ತಿರವೂ ಇದೆ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ನೂರು ಕಿಲೋ ಹಸಿ ಹುಲ್ಲನ್ನು ಹಬೆಯಲ್ಲಿ ಬೇಯಿಸಿದರೆ ಹೆಚ್ಚೆಂದರೆ ಅರ್ಧ ಕಿಲೋ ಎಣ್ಣೆ ಬರುತ್ತದೆ. ಮಳೆಗಾಲದಲ್ಲಿ ಅದೂ ಇಲ್ಲ. ಅಂದರೆ ಒಂದು ಹನಿ ಎಣ್ಣೆಗೆ ಹತ್ತು ಗ್ರಾಂ ಹುಲ್ಲಾದರೂ ಬೇಕು. ಟೀಗೆ ನಾವು ಹಾಕುವುದು ಎರಡು ಎಸಳು. ಅದೇ ಹುಲ್ಲಿನದು ಅಂತ ಎಣ್ಣೆಯನ್ನು ಸಲೀಸಾಗಿ ಸುರಿಯಬಾರದು.

ನೆಲ ಒರೆಸಲು ಲೆಮನ್‌ಗ್ರಾಸ್, ಸಿಟ್ರೊನೆಲ್ಲಾ ಎರಡೂ ಚೆನ್ನಾಗಿವೆ. ಆದರೆ ಎಣ್ಣೆ ನೀರಲ್ಲಿ ಬೆರೆಯುವುದಿಲ್ಲ. ಬಕೆಟ್‌ಗೆ ನೇರವಾಗಿ ಹಾಕಿದರೆ ಮೇಲೆ ತೇಲುತ್ತದೆ, ಬಟ್ಟೆಗೆ ಒಂದೇ ಕಡೆ ಹಿಡಿಯುತ್ತದೆ, ಕೈಗೆ ತಾಗಿದರೆ ಉರಿಯುತ್ತದೆ. ಒಂದು ಚಮಚ ಲಿಕ್ವಿಡ್ ಸೋಪಿಗೆ ಐದಾರು ಹನಿ ಹಾಕಿ ಕಲಸಿ. ಆಮೇಲೆ ಅರ್ಧ ಬಕೆಟ್ ನೀರಿಗೆ ಸೇರಿಸಿ. ಅಷ್ಟು ಸಾಕು. ಮನೆಯೆಲ್ಲ ಘಮಘಮ ಅನ್ನುತ್ತದೆ.

ಔಷಧಿ_ಅಂಗಡಿ_ತುಮಕೂರು

ಬೆಳೆಗಾರರು ಹೇಳಿದ್ದು ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ. ಅಷ್ಟು ತೆಳುವಾದ ನೀರಲ್ಲಿ ಕೊಳೆ ತೆಗೆಯುವುದು ಸೋಪು ಮತ್ತು ನಿಮ್ಮ ಕೈಯ ತಿಕ್ಕಾಟ. ಎಣ್ಣೆ ಕೊಡುವುದು ಪರಿಮಳ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ ಬಾತ್‌ರೂಮಿಗೆ ಬ್ಲೀಚ್ ನೀರೇ ಬೇಕು. ಆ ಕೆಲಸಕ್ಕೆ ಲೆಮನ್‌ಗ್ರಾಸ್ ನಂಬಿಕೊಳ್ಳಬೇಡಿ. ಬ್ಲೀಚ್ ಜೊತೆ ಬೇರೆ ಏನನ್ನೂ ಬೆರೆಸಲೂಬೇಡಿ.

ಈಗ ಮುಖ್ಯವಾದದ್ದು. ಮೇಡಂ, ಈ ಪೋಸ್ಟ್ ಓದಿದ ಕೂಡಲೇ ಎದ್ದು ಆ ವಿಂಟರ್‌ಗ್ರೀನ್ ಬಾಟಲಿಯನ್ನು ಬೀಗ ಇರುವ ಬೀರುವಿನ ಮೇಲಿನ ಅರೆಯಲ್ಲಿ ಇಡಿ. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಆಸ್ಪಿರಿನ್ ಜಾತಿಯದೇ ವಸ್ತು. ಒಂದು ಟೀ ಚಮಚ, ಅಂದರೆ 5 ಮಿಲಿ, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. 325 ಮಿಲಿಗ್ರಾಂ ಮಾತ್ರೆ ಇಪ್ಪತ್ತೊಂದು ನುಂಗಿದ ಹಾಗೆ! ಮಗುವಿನ ಜೀವಕ್ಕೇ ಕುತ್ತು. ಮಂಡಿ ನೋವಿಗೆ ದೊಡ್ಡವರು ಹಚ್ಚಿಕೊಳ್ಳುವುದಾದರೂ ಬೇರೆ ಎಣ್ಣೆಯಲ್ಲಿ ತೆಳು ಮಾಡಿಕೊಳ್ಳಬೇಕು. ಅತ್ತೆಯವರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಚ್ಚುವುದೇ ಬೇಡ.

ನೀಲಗಿರಿ ಎಣ್ಣೆಯೂ ಹಾಗೆಯೇ. ಬಹಳ ಜನ ಇದನ್ನು ತೀರಾ ಸಾಧು ಅಂದುಕೊಂಡಿದ್ದಾರೆ. ಮಗು ಒಂದು ಗುಟುಕು ಕುಡಿದರೂ ಕೆಲವೇ ನಿಮಿಷದಲ್ಲಿ ಮಂಪರು ಬರಬಹುದು, ಫಿಟ್ಸ್ ಬರಬಹುದು. ಲವಂಗದ ಎಣ್ಣೆ ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳ ಲಿವರ್ ಕೆಡುತ್ತದೆ. ಊಟಿಯ ಬಾಟಲಿಗಳಲ್ಲಿ ಎಷ್ಟೋ ಸಲ ಸಾಮಾನ್ಯ ತಿರುಪಿನ ಮುಚ್ಚಳ ಇರುತ್ತದೆ. ಮಕ್ಕಳು ಸುಲಭವಾಗಿ ತೆಗೆಯುತ್ತಾರೆ.

ಯಾವುದೇ ಎಣ್ಣೆ ಮಗು ಕುಡಿದಿದೆ ಅನ್ನಿಸಿದರೆ ವಾಂತಿ ಮಾಡಿಸಬೇಡಿ. ವಾಂತಿ ಮಾಡಿಸುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಬಾಯಿ ಒರೆಸಿ, ಬಾಟಲಿ ಕೈಯಲ್ಲಿ ಹಿಡಿದುಕೊಂಡು ಸೀದಾ ಆಸ್ಪತ್ರೆಗೆ ಓಡಿ. ಸ್ವಲ್ಪ ಹೊತ್ತು ನೋಡೋಣ ಅಂತ ಕೂರಬೇಡಿ.

ಕುಂದಾಪುರದ_ಅಮ್ಮಮ್ಮ

ಇಷ್ಟೆಲ್ಲ ಹೆದರಿಸಿದರೆ ಹೇಗಪ್ಪ? ತೆಂಗಿನೆಣ್ಣೆ ಬಿಸಿ ಮಾಡಿ ಕರ್ಪೂರ ಕರಗಿಸಿ ಎದೆಗೆ ತಿಕ್ಕಿಯೇ ನಮ್ಮ ಮಕ್ಕಳನ್ನು ಸಾಕಿದ್ದು. ಮಳೆಗಾಲದಲ್ಲಿ ಕಫ ಕಟ್ಟಿದರೆ ರಾತ್ರಿ ಅದೇ ಮದ್ದು. ಸ್ನಾನ ಆದ ಮೇಲೆ ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ. ಯಾರಿಗೂ ಏನೂ ಆಗಲಿಲ್ಲ. ಈಗಿನವರು ಎಲ್ಲದಕ್ಕೂ ಬೇಡ ಅನ್ನುತ್ತೀರಿ.

ಔಷಧಿ_ಅಂಗಡಿ_ತುಮಕೂರು

ಅಮ್ಮ, ನಿಮ್ಮ ಕೈಯಲ್ಲಿ ಬೆಳೆದ ಮಕ್ಕಳು ಚೆನ್ನಾಗಿದ್ದಾರೆ ಎನ್ನುವುದು ಸಂತೋಷ. ಆದರೂ ಈ ವಿಷಯ ಬಿಡಿಸಿ ಹೇಳಲೇಬೇಕು. ಕರ್ಪೂರ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹಸುಳೆಯ ಚರ್ಮ ತೆಳು, ಲಿವರ್ ಇನ್ನೂ ಬಲಿತಿರುವುದಿಲ್ಲ. ಅದನ್ನು ಹೊರಗೆ ಹಾಕುವ ಶಕ್ತಿ ಆ ಮೈಗೆ ಕಡಿಮೆ. ಕರ್ಪೂರದಿಂದ ಮಕ್ಕಳಿಗೆ ಫಿಟ್ಸ್ ಬಂದಿರುವುದು ವೈದ್ಯರು ನೋಡಿ ಬರೆದಿರುವ ಸಂಗತಿ. ಅಮೆರಿಕದಲ್ಲಿ ಹಚ್ಚುವ ಔಷಧಿಗಳಲ್ಲಿ ಕರ್ಪೂರ ಶೇಕಡಾ 11 ದಾಟುವಂತಿಲ್ಲ ಎಂದು 1980ರ ದಶಕದಲ್ಲೇ ನಿಯಮ ಮಾಡಿದರು. ನಾವು ಮನೆಯಲ್ಲಿ ಕರಗಿಸುವಾಗ ಅಳತೆಯೇ ಇಲ್ಲ. ಒಂದು ದಿನ ಒಂದು ಬಿಲ್ಲೆ, ಇನ್ನೊಂದು ದಿನ ನಾಲ್ಕು. ಎರಡು ವರ್ಷದೊಳಗಿನ ಮಗುವಿಗೆ ಕರ್ಪೂರ, ನೀಲಗಿರಿ, ಪುದೀನ ಎಣ್ಣೆ ಯಾವುದನ್ನೂ ಎದೆಗೆ, ಮೂಗಿನ ಹತ್ತಿರ ತರಬಾರದು. ಘಾಟು ತಾಗಿ ಉಸಿರೇ ಹಿಡಿದುಕೊಳ್ಳಬಹುದು.

ಬರಿ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿ, ಆ ಕೈಯ ಶಾಖವೇ ಮಗುವಿಗೆ ಹಿತ. ಮೂಗು ಕಟ್ಟಿದರೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಡ್ರಾಪ್ಸ್ ಸಾಕು. ಸಾಂಬ್ರಾಣಿ ಹೊಗೆ ನೋಡಲು ಚೆಂದ, ಆದರೆ ಹೊಗೆ ಹೊಗೆಯೇ. ಮಗುವಿಗೂ ಬೇಡ, ಉಬ್ಬಸ ಇರುವವರ ಮನೆಗೂ ಬೇಡ.

ಕುಂದಾಪುರದ_ಅಮ್ಮಮ್ಮ

ಓಮದ ಗಂಟು? ಅದಾದರೂ ಉಂಟೋ ಇಲ್ಲವೋ?

ಔಷಧಿ_ಅಂಗಡಿ_ತುಮಕೂರು

ದೊಡ್ಡವರಿಗೆ ಧಾರಾಳವಾಗಿ ಉಂಟು ಅಮ್ಮ. ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಮೂಗು ಬಿಡುತ್ತದೆ. ಮಗುವಿಗೆ ಮೂಗಿನ ಹತ್ತಿರ ಹಿಡಿಯಬೇಡಿ, ಮೈಗೆ ತಾಗಿಸಬೇಡಿ. ಬಿಸಿ ತಡೆಯುವುದಿಲ್ಲ.

ಪಶುವೈದ್ಯೆ_ಧಾರವಾಡ

ಬೆಕ್ಕಿನ ವಿಷಯ ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಇಂಥ ಎಣ್ಣೆಗಳಲ್ಲಿರುವ ಫಿನಾಲ್ ತರಹದ ವಸ್ತುಗಳನ್ನು ಕರಗಿಸಿ ಹೊರಹಾಕುವ ಒಂದು ಎನ್‌ಜೈಮ್ ಮನುಷ್ಯರ, ನಾಯಿಗಳ ಲಿವರ್‌ನಲ್ಲಿ ಇರುತ್ತದೆ. ಬೆಕ್ಕಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ನಮಗೆ ಏನೂ ಅನ್ನಿಸದಷ್ಟು ಪ್ರಮಾಣವೂ ಅದರ ಮೈಯಲ್ಲಿ ಉಳಿದುಕೊಳ್ಳುತ್ತದೆ. ಲವಂಗ, ದಾಲ್ಚಿನ್ನಿ, ಟೀ ಟ್ರೀ, ನೀಲಗಿರಿ, ವಿಂಟರ್‌ಗ್ರೀನ್ ಎಲ್ಲವೂ ಬೆಕ್ಕಿಗೆ ಅಪಾಯ.

ಈಗಿನ ಡಿಫ್ಯೂಸರ್‌ಗಳು ನೀರನ್ನು ಅಲುಗಿಸಿ ಮಂಜಿನ ಹಾಗೆ ಹಾರಿಸುತ್ತವೆ. ಆ ಮಂಜಿನಲ್ಲಿ ಎಣ್ಣೆಯ ಸಣ್ಣ ಹನಿಗಳು ಇರುತ್ತವೆ. ಅವು ಬೆಕ್ಕಿನ ಕೂದಲ ಮೇಲೆ ಕೂರುತ್ತವೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ, ಎಲ್ಲವೂ ಹೊಟ್ಟೆಗೆ ಹೋಗುತ್ತದೆ. ಜೊಲ್ಲು ಸುರಿಸುವುದು, ತೂರಾಡುವುದು, ಮೈ ನಡುಗುವುದು ಕಂಡರೆ ತಡ ಮಾಡಬೇಡಿ. ಉಣ್ಣೆ ಹುಳ, ಚಿಗಟಕ್ಕೆ ಅಂತ ಟೀ ಟ್ರೀ ಎಣ್ಣೆಯನ್ನು ನೇರವಾಗಿ ನಾಯಿ, ಬೆಕ್ಕಿನ ಮೈಗೆ ಹಚ್ಚಿ ಕರೆದುಕೊಂಡು ಬರುವವರನ್ನು ನೋಡಿದಾಗ ಬಹಳ ಸಂಕಟವಾಗುತ್ತದೆ. ಪ್ರೀತಿಯಿಂದಲೇ ಮಾಡಿರುತ್ತಾರೆ. ಯಾರೂ ಅವರಿಗೆ ಹೇಳಿರುವುದಿಲ್ಲ.

ನೆಲ ಒರೆಸಿದ ಮೇಲೆ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿ ಇಡಿ. ಗಿಳಿ, ಲವ್‌ಬರ್ಡ್ಸ್ ಸಾಕಿರುವವರು ಡಿಫ್ಯೂಸರ್ ಮರೆತುಬಿಡುವುದೇ ಒಳ್ಳೆಯದು.

ರಾಜಾಜಿನಗರದ_ಸೊಸೆ

ವಿಂಟರ್‌ಗ್ರೀನ್, ನೀಲಗಿರಿ, ಲವಂಗ ಮೂರೂ ಮೇಲೆ ಇಟ್ಟು ಬೀಗ ಹಾಕಿದೆ. ಡಾಕ್ಟರ್ ಮೇಡಂ, ತುಂಬಾ ಥ್ಯಾಂಕ್ಸ್. ಡಿಫ್ಯೂಸರ್ ಅತ್ತೆಯ ಕೋಣೆಯಿಂದ ದೂರ, ಹಾಲ್‌ನಲ್ಲಿ ಇಟ್ಟರೆ ಪರವಾಗಿಲ್ಲವಾ?

ಔಷಧಿ_ಅಂಗಡಿ_ತುಮಕೂರು

ಉಬ್ಬಸ ಇರುವ ಮನೆಯಲ್ಲಿ ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಬಾಗಿಲು ಗಾಳಿಯನ್ನು ತಡೆಯುವುದಿಲ್ಲ. ಜೊತೆಗೆ ನಿಂಬೆ, ಕಿತ್ತಳೆ ಎಣ್ಣೆಗಳ ಆವಿ ಗಾಳಿಯ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಸಣ್ಣ ಕಣಗಳಾಗಿ ಮಾರ್ಪಡುತ್ತದೆ. ಟ್ರಾಫಿಕ್ ಇರುವ ರಸ್ತೆಯ ಪಕ್ಕದ ಮನೆಗಳಲ್ಲಿ ಕಿಟಕಿ ಮುಚ್ಚಿ ಗಂಟೆಗಟ್ಟಲೆ ಹಾಕಿದರೆ ಉಸಿರಿಗೆ ಒಳ್ಳೆಯದಲ್ಲ. ಮಗು, ರೋಗಿ, ಪ್ರಾಣಿ ಇಲ್ಲದ ಮನೆಯವರು ಬಳಸುವುದಾದರೆ ನೂರು ಮಿಲಿ ನೀರಿಗೆ ಮೂರು ಹನಿ, ಅರ್ಧ ಗಂಟೆ, ಕಿಟಕಿ ತೆಗೆದಿರಲಿ.

ಹೆಬ್ಬಾಳದ_ನಿವಾಸಿ

ಸೊಳ್ಳೆಗೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಲ್ಲರೂ ಒಂದು ಉಪಾಯ ಮಾಡುತ್ತಿದ್ದಾರೆ. ಗೋಡೆಗೆ ಸಿಕ್ಕಿಸುವ ಲಿಕ್ವಿಡ್ ಮಷಿನ್ ಇರುತ್ತದಲ್ಲ, ಅದರ ಖಾಲಿ ಬಾಟಲಿಗೆ ಬೇವಿನೆಣ್ಣೆ, ಕರ್ಪೂರದ ಪುಡಿ, ಸ್ವಲ್ಪ ಸಿಟ್ರೊನೆಲ್ಲಾ ಹಾಕಿ ಮತ್ತೆ ಸಿಕ್ಕಿಸುವುದು. ಕೆಮಿಕಲ್ ಇಲ್ಲ, ಖರ್ಚೂ ಕಡಿಮೆ. ವಾಟ್ಸಾಪ್‌ನಲ್ಲಿ ಇದರ ವಿಡಿಯೋ ಕೂಡ ಓಡಾಡುತ್ತಿದೆ. ನಿಮ್ಮೆಲ್ಲರ ಅಭಿಪ್ರಾಯ ಏನು?

ಔಷಧಿ_ಅಂಗಡಿ_ತುಮಕೂರು

ದಯವಿಟ್ಟು ನಿಲ್ಲಿಸಲು ಹೇಳಿ ಸರ್. ಆ ಮಷಿನ್ನಿನ ಬತ್ತಿ, ಅದರ ಬಿಸಿ ಎಲ್ಲವೂ ಕಂಪನಿಯ ದ್ರವಕ್ಕೆ ಹೊಂದುವಂತೆ ಮಾಡಿದ್ದು. ಬೇವಿನೆಣ್ಣೆ ಮಂದ, ಬತ್ತಿಯಲ್ಲಿ ಕಟ್ಟಿಕೊಂಡು ಕರಕಲಾಗುತ್ತದೆ. ಕರ್ಪೂರ ಹೇಗೆ ಹೊತ್ತಿಕೊಳ್ಳುತ್ತದೆ ಎಂದು ಆರತಿ ತಟ್ಟೆಯಲ್ಲಿ ದಿನಾ ನೋಡುತ್ತೇವೆ. ಅದನ್ನು ಕರೆಂಟಿನ ಬಿಸಿಯ ಪಕ್ಕ ರಾತ್ರಿಯಿಡೀ ಇಟ್ಟು ಮಲಗುವುದು ನನಗಂತೂ ಒಪ್ಪುವ ಮಾತಲ್ಲ. ಮಗು ಮಲಗಿರುವ ಕೋಣೆಯಲ್ಲಿ ಇಡೀ ರಾತ್ರಿ ಕರ್ಪೂರದ ಆವಿ ಬೇರೆ.

ಇನ್ನು ಸಿಟ್ರೊನೆಲ್ಲಾ. ಮೈಗೆ ಹಚ್ಚಿದಾಗ ಸೊಳ್ಳೆ ದೂರ ಹೋಗುತ್ತದೆ, ನಿಜ. ಆದರೆ ಅದು ಬೇಗ ಆರಿಹೋಗುವ ಎಣ್ಣೆ. ಹೆಚ್ಚು ಹೊತ್ತು ಕಾಯುವುದಿಲ್ಲ. ಡೆಂಗಿ ತರುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಬೆಳಗ್ಗೆ ಸ್ಕೂಲಿಗೆ ಹೋಗುವಾಗ ಮಗುವಿಗೆ ಸಿಟ್ರೊನೆಲ್ಲಾ ಪ್ಯಾಚ್ ಅಂಟಿಸಿ ನಿಶ್ಚಿಂತೆಯಿಂದ ಇರುವ ತಂದೆ ತಾಯಿಯರನ್ನು ಕಂಡರೆ ನನಗೆ ಭಯ. 2024ರಲ್ಲಿ ಡೆಂಗಿ ಎಷ್ಟು ಹೆಚ್ಚಿತ್ತು ಅಂದರೆ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ಕಿಟಕಿಗೆ ಜಾಲರಿ, ಮಗುವಿಗೆ ಹಗಲಲ್ಲೂ ಸೊಳ್ಳೆ ಪರದೆ, ತುಂಬು ತೋಳಿನ ಬಟ್ಟೆ. ಹೂಕುಂಡದ ತಟ್ಟೆ, ಕೂಲರ್, ಫ್ರಿಜ್ ಹಿಂದಿನ ಟ್ರೇ, ಮೇಲಿನ ಸಿಂಟೆಕ್ಸ್, ಎಲ್ಲೂ ನೀರು ತೆರೆದು ನಿಲ್ಲಬಾರದು. ಹೊರಗೆ ಹೋಗುವಾಗ ಸೊಳ್ಳೆ ಓಡಿಸುವ ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮ್. ಚಿಕ್ಕ ಮಗುವಾದರೆ ಎಷ್ಟು, ಯಾವುದು ಅಂತ ಮಕ್ಕಳ ಡಾಕ್ಟರನ್ನು ಕೇಳಿ.

ಹೆಬ್ಬಾಳದ_ನಿವಾಸಿ

ಆಯಿತು ಸರ್, ಇದನ್ನು ನಮ್ಮ ಗ್ರೂಪಿಗೆ ಹಾಗೇ ಕಳಿಸುತ್ತೇನೆ.

ಒಂಟಿಕೊಪ್ಪಲ್_ಮೈಸೂರು

ನಾನು ಗುಣಮಟ್ಟದ ಬಗ್ಗೆ ಬರೆಯುತ್ತೇನೆ. ಪ್ರವಾಸಿ ಅಂಗಡಿಗಳಲ್ಲಿ ಹತ್ತು ಮಿಲಿ "ಶುದ್ಧ ಗಂಧದೆಣ್ಣೆ" ನೂರೈವತ್ತು ರೂಪಾಯಿಗೆ ಮಾರುತ್ತಾರೆ. ಸಾಧ್ಯವೇ ಇಲ್ಲ. ಒಳ್ಳೆಯ ಗಂಧದೆಣ್ಣೆ ಕಿಲೋಗೆ ಲಕ್ಷಗಟ್ಟಲೆ ಬೆಲೆ ಬಾಳುತ್ತದೆ. ಮರದ ಚೇಗು ಮತ್ತು ಬೇರಿನಿಂದ ತೆಗೆಯುವ ಎಣ್ಣೆ ಅದು. ಮರ ಬಲಿಯಲು ವರ್ಷಗಟ್ಟಲೆ ಬೇಕು. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಕೊರಡು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿತ್ತು. ಯುದ್ಧದಲ್ಲಿ ಆ ದಾರಿ ಮುಚ್ಚಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಮೈಸೂರಿನಲ್ಲೇ ಕಾರ್ಖಾನೆ ಶುರುವಾಯಿತು. ಮೈಸೂರು ಗಂಧದೆಣ್ಣೆಗೆ ಈಗ ಜಿಐ ಗುರುತು (ಆ ಊರಿನದೇ ವಿಶೇಷ ಉತ್ಪನ್ನ ಎನ್ನುವ ಸರ್ಕಾರಿ ಮಾನ್ಯತೆ) ಇದೆ. ಇಷ್ಟು ಹೆಸರಿರುವ ಎಣ್ಣೆಯನ್ನು ನಮ್ಮ ಊರಿನ ಬೀದಿಯಲ್ಲೇ ಕಲಬೆರಕೆ ಮಾಡಿ ಮಾರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಮಲ್ಲಿಗೆಯೂ ಹಾಗೆಯೇ. ಮಲ್ಲಿಗೆ ಹೂವಿನ ಸುವಾಸನೆಯನ್ನು ಹಬೆಯಲ್ಲಿ ತೆಗೆದರೆ ಕೆಡುತ್ತದೆ. ದ್ರಾವಕ ಬಳಸಿ ತೆಗೆಯುತ್ತಾರೆ, ಅದಕ್ಕೇ ಬೆಲೆ ಜಾಸ್ತಿ. ಅಗ್ಗದ ಬಾಟಲಿಯಲ್ಲಿ ಇರುವುದು ಕಾರ್ಖಾನೆಯ ಸೆಂಟು. ಸೆಂಟು ಅಂತ ಗೊತ್ತಿದ್ದು ಕೊಂಡರೆ ತಪ್ಪಿಲ್ಲ, ಆದರೆ ಮೈಗೆ ಹಚ್ಚಬೇಡಿ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ: ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಒಂದು ದಿನ ಬಿಡಿ. ನೀಲಗಿರಿ, ಲೆಮನ್‌ಗ್ರಾಸ್‌ನಂಥ ತೆಳು ಎಣ್ಣೆ ಆರಿಹೋಗುತ್ತದೆ. ಬಜ್ಜಿ ಕಟ್ಟಿದ ಪೇಪರ್ ಹಾಗೆ ಜಿಡ್ಡು ಉಳಿದರೆ ಅಡುಗೆ ಎಣ್ಣೆಯನ್ನೋ ಖನಿಜ ಎಣ್ಣೆಯನ್ನೋ ಬೆರೆಸಿದ್ದಾರೆ. ಗಂಧ, ಲಾವಂಚದಂಥ ಮಂದ ಎಣ್ಣೆಗೆ ಈ ಪರೀಕ್ಷೆ ಆಗುವುದಿಲ್ಲ. ಸಿಂಥೆಟಿಕ್ ಸೆಂಟು ಬೆರೆಸಿದ್ದರೂ ಇದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಲ್ಯಾಬ್ ಬೇಕು.

ಕೋಲಾರದ_ಹುಡುಗ

ನಮ್ಮ ಹೊಲದ ಬದಿಯಲ್ಲಿ ನೀಲಗಿರಿ ತೋಪು ಇದೆ. ಎಣ್ಣೆ ಕೊಳ್ಳುವ ಬದಲು ಅದರ ಎಲೆ ಕುದಿಸಿ ಆವಿ ತೆಗೆದುಕೊಳ್ಳಬಹುದಾ?

ಮಜ್ಜಿಗೆಹುಲ್ಲು_ಬೆಳೆಗಾರ

ತಮ್ಮಾ, ಊಟಿಯಲ್ಲಿ ಎಣ್ಣೆ ತೆಗೆಯುವ ಮರ ಬೇರೆ, ಬಯಲುಸೀಮೆಯಲ್ಲಿ ನೆಟ್ಟಿರುವುದು ಬೇರೆ. ಅಲ್ಲಿಯದು ಯೂಕಲಿಪ್ಟಸ್ ಗ್ಲೋಬ್ಯುಲಸ್, ತಂಪು ಬೆಟ್ಟದ ಮರ. ನೀಲಗಿರಿ ಬೆಟ್ಟಕ್ಕೆ ಅದು 1843ರಲ್ಲಿ ಬಂತು. ನಮ್ಮ ಕಡೆಯದು ಹೆಚ್ಚಾಗಿ ಕಾಗದದ ಗಿರಣಿ, ಸೌದೆಗೆ ಬೆಳೆಸಿದ ಜಾತಿ. ಮೈಸೂರು ಗಮ್ ಅಂತಲೇ ಹೆಸರಿದೆ. ಇದರ ಎಣ್ಣೆಯ ಗುಣ ಬೇರೆ. ದೊಡ್ಡವರು ಎಲೆ ಹಾಕಿ ಸ್ನಾನದ ನೀರು ಕಾಯಿಸಿಕೊಳ್ಳಬಹುದು, ಮೈಗೆ ಹಿತವಾಗಿರುತ್ತದೆ.

ಔಷಧಿ_ಅಂಗಡಿ_ತುಮಕೂರು

ಆವಿ ತೆಗೆದುಕೊಳ್ಳುವಾಗ ಎಲೆ, ಎಣ್ಣೆಗಿಂತ ಕುದಿಯುವ ಪಾತ್ರೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಮಕ್ಕಳನ್ನು ಟವೆಲ್ ಹೊದಿಸಿ ಪಾತ್ರೆಯ ಮುಂದೆ ಕೂರಿಸಬೇಡಿ. ಪಾತ್ರೆ ಮಗುಚಿ ತೊಡೆ ಸುಡುವುದು ನೆಗಡಿಗಿಂತ ದೊಡ್ಡ ಸಂಕಟ.

ಆಸ್ಟಿನ್_ಕನ್ನಡತಿ

ಇಲ್ಲಿ ಟೆಕ್ಸಸ್‌ನಲ್ಲಿ ಇರುವವಳು. ರೂಮ್ ಸ್ಪ್ರೇ ಬಗ್ಗೆ ಒಂದು ಘಟನೆ ಹೇಳಲೇಬೇಕು. 2021ರಲ್ಲಿ ಅಮೆರಿಕದ ಜಾರ್ಜಿಯಾ, ಕ್ಯಾನ್ಸಸ್, ಮಿನೆಸೋಟ, ಟೆಕ್ಸಸ್ ಈ ನಾಲ್ಕು ರಾಜ್ಯಗಳಲ್ಲಿ ನಾಲ್ಕು ಜನರಿಗೆ ಮೆಲಿಯಾಯ್ಡೋಸಿಸ್ ಎಂಬ ಸೋಂಕು ರೋಗ ಬಂತು. ಇಬ್ಬರು ತೀರಿಕೊಂಡರು, ಅವರಲ್ಲಿ ಒಂದು ಮಗು. ಯಾರೂ ವಿದೇಶಕ್ಕೆ ಹೋದವರಲ್ಲ. ಈ ರೋಗದ ಬ್ಯಾಕ್ಟೀರಿಯಾ ಉಷ್ಣ ದೇಶಗಳ ಮಣ್ಣು, ನೀರಿನಲ್ಲಿ ಇರುವಂಥದ್ದು. ಇಲ್ಲಿಗೆ ಹೇಗೆ ಬಂತು ಅಂತ ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ಸಿಕ್ಕಿದ್ದು ಒಂದು ಲ್ಯಾವೆಂಡರ್ ಕ್ಯಾಮೊಮೈಲ್ ಪರಿಮಳದ ಸ್ಪ್ರೇ ಬಾಟಲಿಯಲ್ಲಿ. ಭಾರತದಲ್ಲಿ ತಯಾರಾಗಿ ಬಂದಿದ್ದು. ಸುಮಾರು 3,900 ಬಾಟಲಿ ವಾಪಸ್ ತರಿಸಿಕೊಂಡರು.

ಎಸೆನ್ಶಿಯಲ್ ಆಯಿಲ್ ಇದ್ದರೆ ಕ್ರಿಮಿ ಬದುಕುವುದಿಲ್ಲ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಸ್ಪ್ರೇಯಲ್ಲಿ ಹೆಚ್ಚಿನ ಪಾಲು ನೀರು. ಕೆಡದಂತೆ ತಡೆಯುವ ವಸ್ತು ಸರಿಯಾಗಿ ಇಲ್ಲದಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತದೆ. ಅದನ್ನೇ ನಾವು ಗಾಳಿಗೆ ಹಾರಿಸಿ ಉಸಿರಾಡುತ್ತೇವೆ. ಮನೆಯಲ್ಲಿ ಸ್ಪ್ರೇ ಮಾಡಿ ತಿಂಗಳುಗಟ್ಟಲೆ ಇಡುವವರು ಯೋಚನೆ ಮಾಡಿ.

ಕುಂದಾಪುರದ_ಅಮ್ಮಮ್ಮ

ಆ ಕಾಯಿಲೆ ನಮ್ಮ ಕಡೆಯೂ ಉಂಟು ಮಗ. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ ಬರುತ್ತದೆ ಎಂದು ಮಣಿಪಾಲದ ಡಾಕ್ಟರು ಹೇಳುವುದು ಕೇಳಿದ್ದೇನೆ. ಪರಿಮಳದ ಬಾಟಲಿಯಲ್ಲಿ ಬರುತ್ತದೆ ಅಂತ ಈಗಲೇ ಕೇಳಿದ್ದು.

ಪಶುವೈದ್ಯೆ_ಧಾರವಾಡ

ಡಿಫ್ಯೂಸರ್‌ನಲ್ಲಿ ಉಳಿದ ನೀರಿಗೂ ಇದೇ ಮಾತು ಅನ್ವಯ. ಬಳಸುವವರು ಪ್ರತಿ ಸಲ ಚೆಲ್ಲಿ, ತೊಳೆದು, ಒಣಗಿಸಿ ಇಡಿ.

ಶಿರಸಿ_ಹೆಗಡ್ತಿ

ಬಟ್ಟೆಯ ಬೀರುವಿಗೆ ಎಣ್ಣೆಯೇ ಬೇಡ ಮಾರಾಯ್ರೆ. ಲಾವಂಚದ ಬೇರು ತನ್ನಿ. ಕುಮಟಾ, ಹೊನ್ನಾವರ ಕಡೆ ಲಾವಂಚದ ಬುಟ್ಟಿ, ಮಾಲೆ, ಗಣಪತಿ ಎಲ್ಲ ಮಾಡಿ ಮಾರುತ್ತಾರೆ. ಬಿಡಿ ಬೇರನ್ನು ತೊಳೆದು, ನೆರಳಲ್ಲಿ ಒಣಗಿಸಿ, ಹಳೆ ಕಾಟನ್ ಬಟ್ಟೆಯಲ್ಲಿ ಹೊಲಿದು ಸೀರೆಗಳ ಮಧ್ಯೆ ಇಟ್ಟರೆ ಬಹಳ ಕಾಲ ವಾಸನೆ ಬರುತ್ತದೆ. ವಾಸನೆ ಕಡಿಮೆ ಆಯಿತು ಅನ್ನಿಸಿದರೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಒಣಗಿಸಿ, ಪರಿಮಳ ಏಳುತ್ತದೆ. ರೇಷ್ಮೆ ಸೀರೆಯ ಮೇಲೆ ಎಣ್ಣೆ ಹನಿ ಬಿದ್ದರೆ ಕಲೆ ಹೋಗುವುದಿಲ್ಲ. ನಾಲ್ಕು ಲವಂಗ ಜೊತೆಗೆ ಹಾಕಿಕೊಳ್ಳಿ ಬೇಕಾದರೆ. ಹೂಗಳ ಕಾಲದಲ್ಲಿ ದವನದ ಕಡ್ಡಿ ಒಣಗಿಸಿ ಇಟ್ಟರೂ ಚಂದ.

ಔಷಧಿ_ಅಂಗಡಿ_ತುಮಕೂರು

ಈ ಸಲಹೆ ನನಗೆ ತುಂಬಾ ಇಷ್ಟವಾಯಿತು. ನುಸಿಗುಳಿಗೆಗಿಂತ ಎಷ್ಟೋ ವಾಸಿ. ನುಸಿಗುಳಿಗೆಯ ನ್ಯಾಫ್ತಲೀನ್‌ನಿಂದ ಜಿ6ಪಿಡಿ (ರಕ್ತಕಣಗಳನ್ನು ಕಾಪಾಡುವ ಒಂದು ಎನ್‌ಜೈಮ್) ಕೊರತೆ ಇರುವ ಮಕ್ಕಳಲ್ಲಿ ರಕ್ತಕಣಗಳು ಒಡೆಯುತ್ತವೆ. ಎಷ್ಟೋ ಮನೆಗಳಲ್ಲಿ ಮಗುವಿಗೆ ಆ ಕೊರತೆ ಇದೆ ಅಂತಲೇ ಗೊತ್ತಿರುವುದಿಲ್ಲ. ಮಗುವಿನ ಬಟ್ಟೆಯ ನಡುವೆ ಅದನ್ನು ಇಡಲೇಬೇಡಿ.

ರಾಜಾಜಿನಗರದ_ಸೊಸೆ

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ. ಲೆಮನ್‌ಗ್ರಾಸ್ ನೆಲಕ್ಕೆ, ಲಾವಂಚ ಬೀರುವಿಗೆ ಅಂತ ಅತ್ತೆಯವರ ಜೊತೆ ಮಾತಾಡಿ ನಿರ್ಧಾರ ಮಾಡಿದೆವು. ಡಿಫ್ಯೂಸರ್ ತಮ್ಮನ ಆಫೀಸಿಗೆ ಹೋಗುತ್ತದೆ. ಕೊನೆಯದಾಗಿ ಎರಡು ಪ್ರಶ್ನೆ. ಲವಂಗದ ಎಣ್ಣೆ ಸೋರಿ ಅದನ್ನು ಇಟ್ಟಿದ್ದ ಥರ್ಮೊಕೋಲ್ ಡಬ್ಬಿಯ ತಳ ಕರಗಿದೆ, ಯಾಕೆ? ಇನ್ನೊಂದು, ಹಿಂದೆ ಯಾವಾಗಲೋ ತಂದ ಕಿತ್ತಳೆ ಎಣ್ಣೆ ಇದೆ. ವಾಸನೆ ಬದಲಾಗಿ ಪೇಂಟ್ ತರಹ ಆಗಿದೆ. ನೆಲಕ್ಕಾದರೂ ಬಳಸಬಹುದಾ?

ಮಜ್ಜಿಗೆಹುಲ್ಲು_ಬೆಳೆಗಾರ

ಈ ಎಣ್ಣೆಗಳು ಥರ್ಮೊಕೋಲ್, ಕೆಲವು ಜಾತಿಯ ಪ್ಲಾಸ್ಟಿಕ್, ಮರದ ಪಾಲಿಶ್ ಎಲ್ಲವನ್ನೂ ಕರಗಿಸುತ್ತವೆ ಅಕ್ಕ. ನಾವು ಅಲ್ಯೂಮಿನಿಯಂ ಕ್ಯಾನು, ಕಂದು ಗಾಜಿನ ಬಾಟಲಿ ಬಿಟ್ಟು ಬೇರೆಯದರಲ್ಲಿ ತುಂಬುವುದೇ ಇಲ್ಲ. ನೀವೂ ಗಾಜಿನಲ್ಲೇ, ಬಿಸಿಲು ಬೀಳದ ಕಡೆ, ಒಲೆಯಿಂದ ದೂರ ಇಡಿ. ಬೇಗ ಬೆಂಕಿ ಹಿಡಿಯುವ ವಸ್ತು. ದೇವರ ಮನೆಯ ದೀಪದ ಹತ್ತಿರವೂ ಬೇಡ.

ಕಿತ್ತಳೆ ಎಣ್ಣೆ ಕೆಟ್ಟಿದೆ. ಗಾಳಿ ಸೇರಿದರೆ ಕಿತ್ತಳೆ, ನಿಂಬೆ ಎಣ್ಣೆ ಬೇಗ ಹಳಸುತ್ತವೆ. ಹಳಸಿದ್ದು ಚರ್ಮಕ್ಕೆ ತಾಗಿದರೆ ತುರಿಕೆ, ಅಲರ್ಜಿ ಜಾಸ್ತಿ. ಒರೆಸುವವರ ಕೈಗೇ ಮೊದಲು ತಾಗುವುದು, ಹಾಗಾಗಿ ನೆಲಕ್ಕೂ ಬೇಡ. ಸಿಂಕಿಗೆ ಸುರಿಯಬೇಡಿ. ಒಂದು ಡಬ್ಬಿಯಲ್ಲಿ ಒಣ ಮರಳು ಹಾಕಿ ಅದಕ್ಕೆ ಸುರಿದು, ಮುಚ್ಚಿ, ಹಳೆಯ ಪೇಂಟ್ ಡಬ್ಬಿ, ಬ್ಯಾಟರಿ ಕೊಡುವ ಹಾಗೆ ಕಸದವರಿಗೆ ಬೇರೆಯಾಗಿ ಕೊಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಹೊರಗೆ ಹರಡಿ ಪೂರ್ತಿ ಆರಲಿ.